ಹೂಮಳೆಗೆ ಮುಂಚೆ ಅಂಡಮಾನ್

ಸಕಲೇಶಪುರದವರಿಗೆ ಸಮುದ್ರ ದೂರವಲ್ಲ. ಬೆಳಿಗ್ಗೆ ತಿಂಡಿ ತಿಂದು ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದ ಮೀನೂಟಕ್ಕೆ ಮಂಗಳೂರು. ಹಾಗಾಗಿ ಅಂಡಮಾನಿಗೆ ಹೊರಟಿದ್ದೇವೆ ಎಂದಾಗ ಅತ್ತೆಯವರು ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. "ಪಣಂಬೂರಿನಲ್ಲಿ ಇರುವುದೂ ಉಪ್ಪುನೀರೇ ಅಲ್ಲವೇನಮ್ಮ? ಅದನ್ನು ನೋಡಲು ವಿಮಾನ ಹತ್ತಬೇಕೇ?"

ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ. ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದವಳಿಗೆ ಪಂಚಾಂಗವೇ ಬೇರೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಪಲ್ಪಿಂಗ್, ಕಣ, ಒಣಗಿಸುವುದು. ಜನವರಿಗೆ ರೋಬಸ್ಟಾ. ಅದರ ಬೆನ್ನಿಗೇ ಮೆಣಸು. ಆಮೇಲೆ ಗಿಡದ ಕಪಾತು, ಗೊಬ್ಬರ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ. ಜೂನಿನಿಂದ ಮಳೆ ಹಿಡಿದರೆ ಮನೆಯಿಂದ ಗೇಟಿನವರೆಗೆ ಹೋಗುವುದೇ ಒಂದು ಪ್ರವಾಸ. ಈ ವರ್ಷದೊಳಗೆ ರಜೆಗೆಂದು ಉಳಿಯುವುದು ಒಂದೇ ಒಂದು ಕಿಂಡಿ: ಮೆಣಸು ಚೀಲ ಸೇರಿದ ಮೇಲೆ, ಕಾಫಿ ಮೊಗ್ಗನ್ನು ಅರಳಿಸುವ ಮೊದಲ ಹೂಮಳೆ ಬೀಳುವ ಮುಂಚೆ. ಅದು ಮಾರ್ಚ್ ಮೊದಲ ಭಾಗದಲ್ಲಿ ಬರುತ್ತದೆ. ಎಷ್ಟು ದಿನ ಇರುತ್ತದೆ ಎಂದು ಮೋಡಕ್ಕೇ ಗೊತ್ತು.

ನಮ್ಮ ಮನೆಯವರು ಒಂದು ಷರತ್ತಿನ ಮೇಲೆ ಒಪ್ಪಿದರು. ದಿನವೂ ಬೆಳಿಗ್ಗೆ ತೋಟದ ಲೆಕ್ಕಪತ್ರ ನೋಡುವ ರೈಟರು ಮಳೆಮಾಪಕ ನೋಡಿ ಫೋನ್ ಮಾಡಬೇಕು. ಮಳೆ ಬಿದ್ದಿದ್ದರೆ ಎಷ್ಟು ಸೆಂಟು, ಬೀಳದಿದ್ದರೆ ಮೋಡ ಯಾವ ದಿಕ್ಕಿನಲ್ಲಿ. ನಮ್ಮ ಕಡೆ ಈಗಲೂ ಮಳೆಯನ್ನು ಅಳೆಯುವುದು ಇಂಚು-ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಒಂದಿಂಚು ಒಳ್ಳೆಯ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬಿಳಿ. ಆದರೆ ಮೂವತ್ತು ನಲವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಅರ್ಧ ಎಚ್ಚೆತ್ತು, ಅರಳಲಾಗದೆ ಒಣಗುತ್ತದೆ. ಇವರು ಹೆದರುವುದು ಬರಗಾಲಕ್ಕಲ್ಲ, ಈ ಅರೆಬರೆ ಮಳೆಗೆ.

ಸೋಮವಾರ ರಾತ್ರಿ

ಹಾಸನ, ಚನ್ನರಾಯಪಟ್ಟಣ, ನೆಲಮಂಗಲ, ದೇವನಹಳ್ಳಿ. ಬರೆಯುವಂಥದ್ದು ಏನೂ ಇಲ್ಲ. ಅತ್ತೆಯವರು ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಎಣಗಾಯಿ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಮುಗಿದಿತ್ತು.

ಮಂಗಳವಾರ

ಬೆಳಗಿನ ವಿಮಾನ. ಮೂರು ಗಂಟೆಗೆ ಸ್ವಲ್ಪ ಕಡಿಮೆ ಪ್ರಯಾಣ, ಅದರಲ್ಲಿ ಹೆಚ್ಚಿನ ಭಾಗ ಬರೀ ನೀರಿನ ಮೇಲೆ. ಇಳಿಯುವ ಹೊತ್ತಿಗೆ ಕೆಳಗೆ ದ್ವೀಪಗಳು ಕಂಡವು. ಅಂಚಿನಲ್ಲಿ ತಿಳಿಹಸಿರು ನೀರು, ಒಳಗೆ ದಟ್ಟ ಕಾಡು. ಇವರು ಕಿಟಕಿಗೆ ಹಣೆ ಒತ್ತಿಕೊಂಡು, "ಸಮುದ್ರದ ಮಧ್ಯೆ ಬಿಸಿಲೆ ಘಾಟಿ ತಂದು ಇಟ್ಟಿದ್ದಾರಲ್ಲ!" ಎಂದರು. ಇಡೀ ಪ್ರವಾಸದಲ್ಲಿ ಪ್ರಕೃತಿ ಸೌಂದರ್ಯದ ಬಗ್ಗೆ ಅವರಾಡಿದ ಅತಿ ಉದ್ದದ ಮಾತು ಅದೇ.

ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಆಟೊದವರಿಂದ ಹೋಟೆಲಿನವರವರೆಗೆ ನಮಗೆ ಸಿಕ್ಕವರೆಲ್ಲ ಪೋರ್ಟ್ ಬ್ಲೇರ್ ಎಂದೇ ಅನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಹೋಟೆಲಿನಲ್ಲಿ ಕೊಟ್ಟ ಕಾಫಿಯನ್ನು ಇವರು ಒಂದು ಗುಟುಕು ಕುಡಿದು ಕೆಳಗಿಟ್ಟರು. ನಾನು ಮಾತಾಡದೆ ಚೀಲದಿಂದ ಫಿಲ್ಟರು, ಪುಡಿ ತೆಗೆದೆ.

ಮಧ್ಯಾಹ್ನ ಸೆಲ್ಯುಲಾರ್ ಜೈಲು. ಶಾಲೆಯ ಪುಸ್ತಕದಲ್ಲಿ ಕರಿನೀರಿನ ಶಿಕ್ಷೆ ಎಂದು ಓದಿದ್ದಷ್ಟೇ ನನಗೆ ಗೊತ್ತಿದ್ದದ್ದು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ ಇದು. ನಡುವೆ ಒಂದು ಗೋಪುರ, ಅದರಿಂದ ಏಳು ದಿಕ್ಕಿಗೆ ಚಾಚಿದ ಮೂರಂತಸ್ತಿನ ಏಳು ತೋಳುಗಳು. ಗೋಪುರದಲ್ಲಿ ನಿಂತ ಒಬ್ಬ ಕಾವಲುಗಾರನಿಗೆ ಎಲ್ಲ ಮೊಗಸಾಲೆಗಳೂ ಕಾಣುತ್ತವೆ. ನಮ್ಮೂರಿನ ಮಂಜರಾಬಾದ್ ಕೋಟೆಯೂ ನಕ್ಷತ್ರದ ಆಕಾರದ್ದೇ, ಎಂಟು ಮೂಲೆಯದು. ಆದರೆ ಅದರ ಮೂಲೆಗಳು ಚಾಚಿಕೊಂಡಿರುವುದು ಹೊರಗಿನಿಂದ ಬರುವವನನ್ನು ನೋಡುವುದಕ್ಕೆ. ಇಲ್ಲಿ ಕಣ್ಣೆಲ್ಲ ಒಳಗಿರುವವನ ಮೇಲೆ.

ಒಂದು ತೋಳಿನ ಮುಂಭಾಗ ಇನ್ನೊಂದು ತೋಳಿನ ಬೆನ್ನನ್ನು ನೋಡುವಂತೆ ಕಟ್ಟಿದ್ದಾರೆ. ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲದ ಕೋಣೆ. ಕೈಗೆಟುಕದ ಎತ್ತರದಲ್ಲಿ ಒಂದು ಗವಾಕ್ಷಿ. ಕಂಬಿಯ ಬಾಗಿಲಿಂದ ಎದುರಿಗೆ ನೋಡಿದರೆ ಕಾಣುವುದು ಮುಂದಿನ ತೋಳಿನ ಹಿಂಗೋಡೆ. ಸಾವರ್ಕರ್ ಅವರನ್ನು 1911ರಲ್ಲಿ ಇಲ್ಲಿಗೆ ತಂದಾಗ ಅವರ ಅಣ್ಣ ಆಗಲೇ ಇದೇ ಜೈಲಿನಲ್ಲಿದ್ದರು. ಬಹುಕಾಲ ಒಬ್ಬರಿಗೊಬ್ಬರು ಗೊತ್ತಾಗಲಿಲ್ಲವಂತೆ. ಆ ಕೋಣೆಯಲ್ಲಿ ನಿಂತು ನೋಡಿದ ಮೇಲೆ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ಇವರು ಹೆಚ್ಚು ಹೊತ್ತು ನಿಂತದ್ದು ಗಾಣದ ಮುಂದೆ. ಕೈದಿ ದಿನಕ್ಕೆ ಮೂವತ್ತು ಪೌಂಡ್ ತೆಂಗಿನೆಣ್ಣೆ ತೆಗೆಯಬೇಕಿತ್ತು, ಅಂದರೆ ಹದಿಮೂರು ಕಿಲೋಗಿಂತ ಹೆಚ್ಚು. ಕಡಿಮೆಯಾದರೆ ಏಟು, ಬೇಡಿ. ನಮ್ಮವರ ಅಜ್ಜನ ಕಾಲದಲ್ಲಿ ಮನೆಯಲ್ಲಿ ಎತ್ತಿನ ಗಾಣ ಇತ್ತು. "ಎತ್ತಿಗೂ ಮಧ್ಯಾಹ್ನ ನೊಗ ಬಿಚ್ಚುತ್ತಿದ್ದೆವು," ಎಂದು ಅವರು ಹೇಳಿದ್ದು ಪಕ್ಕದಲ್ಲಿದ್ದ ಬೆಳಗಾವಿಯ ಸಂಸಾರಕ್ಕೂ ಕೇಳಿಸಿತು. ಆ ಯಜಮಾನರು ತಲೆಯಾಡಿಸಿದರು. ಕನ್ನಡದವರು ಎಂದು ಗುರುತಾಗಿ ಮಾತು ಶುರುವಾಗಬೇಕಾಗಿದ್ದ ಜಾಗ, ಯಾರೂ ಶುರು ಮಾಡಲಿಲ್ಲ.

ಏಳರಲ್ಲಿ ಈಗ ಉಳಿದಿರುವುದು ಮೂರು ತೋಳು. 1941ರ ಭೂಕಂಪ, ಆಮೇಲೆ ಮೂರು ವರ್ಷದ ಜಪಾನೀಯರ ಆಳ್ವಿಕೆ, ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೇ ಕೆಡವಿದ್ದು, ಹೀಗೆ ಮಿಕ್ಕ ನಾಲ್ಕು ಹೋದವು. ಕೆಡವಿದ ಜಾಗದಲ್ಲಿ ಸರ್ಕಾರಿ ಆಸ್ಪತ್ರೆ ನಿಂತಿದೆ. ಅದನ್ನು ಟೀಕಿಸುವವರಿದ್ದಾರೆ. ನನಗಂತೂ ಆ ನೆಲಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಹೊಳೆಯಲಿಲ್ಲ. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನ ಅಷ್ಟೇನೂ ಹಿಡಿಸಲಿಲ್ಲ. ಮಧ್ಯಾಹ್ನ ಖಾಲಿ ಮೊಗಸಾಲೆ ತಾನಾಗಿಯೇ ಹೇಳಿದ್ದನ್ನು ರಾತ್ರಿ ದೊಡ್ಡ ಗಂಟಲಿನಲ್ಲಿ ಮತ್ತೆ ಹೇಳಿದರು.

ರೈಟರ ಫೋನ್: ಮೋಡ ಇಲ್ಲ ಸಾರ್.

ಬುಧವಾರ

ಹ್ಯಾಡೋ ಜೆಟ್ಟಿಯಿಂದ ಹ್ಯಾವ್‌ಲಾಕ್‌ಗೆ ಹಡಗು. ಇದಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಹತ್ತಿರದ ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಸುಭಾಷರು 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದಾಗ ಅಂಡಮಾನಿಗೆ ಶಹೀದ್, ನಿಕೋಬಾರಿಗೆ ಸ್ವರಾಜ್ ಎಂದು ಹೆಸರು ಕೊಟ್ಟಿದ್ದರು. ಆ ಹೆಸರುಗಳನ್ನು ಎಪ್ಪತ್ತೈದು ವರ್ಷಗಳ ನಂತರ ಈ ಎರಡು ಪುಟ್ಟ ದ್ವೀಪಗಳಿಗೆ ಹಂಚಿದರು.

ಹವಾನಿಯಂತ್ರಿತ ಹಡಗು, ಸೀಟು ಸಂಖ್ಯೆ, ಗಟ್ಟಿಯಾದ ಹಿಂದಿ ಹಾಡು, ತೆರೆಯಲಾಗದ ಕಿಟಕಿ. ಸಮುದ್ರದ ಮೇಲಿದ್ದೇವೆ ಎಂದು ಗೊತ್ತಾಗುವುದು ಹೊಟ್ಟೆಗೆ ಮಾತ್ರ. ಶಿರಾಡಿಯ ತಿರುವುಗಳಲ್ಲಿ ಪಳಗಿದ ನಮಗೆ ಏನೂ ಆಗಲಿಲ್ಲ. ಮುಂದಿನ ಸಾಲಿನ ಹೊಸ ಮದುಮಕ್ಕಳ ಸ್ಥಿತಿ ಬೇರೆಯಿತ್ತು. ಆ ಹುಡುಗಿಗೆ ನಾನು ಕೊಟ್ಟ ಒಣಶುಂಠಿ ಅವಳ ಗಂಡನ ಪಾಲಾಯಿತು.

ಹ್ಯಾವ್‌ಲಾಕಿನ ಊರುಗಳ ಹೆಸರು ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶವಿಭಜನೆಯ ನಂತರ ಪೂರ್ವ ಬಂಗಾಳ ಬಿಟ್ಟು ಬಂದವರನ್ನು ತಂದು ನೆಲೆಗೊಳಿಸಿದ ದ್ವೀಪ. ರಸ್ತೆಯ ಎರಡೂ ಕಡೆ ಅಡಿಕೆ, ತೆಂಗು, ಬಾಳೆ, ಭತ್ತದ ಗದ್ದೆ, ಕೊಟ್ಟಿಗೆ. ಅಂಗಳಕ್ಕೆ ಸಗಣಿ ಸಾರಿಸಿದ್ದರು. ಒಂದು ಮನೆಯ ಮುಂದೆ ಆಟೊ ನಿಲ್ಲಿಸಲು ಹೇಳಿ ಇವರು ಇಳಿದೇಬಿಟ್ಟರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದರು, ಅದಕ್ಕೆ. ಮನೆಯಾತನಿಗೆ ಬಂಗಾಳಿ ಮತ್ತು ಹಿಂದಿ, ಇವರಿಗೆ ಕನ್ನಡ ಮತ್ತು ಆಳುಗಳ ಜೊತೆ ಕಲಿತ ಹಿಂದಿ. ಇಬ್ಬರೂ ಬಳ್ಳಿಯ ಬುಡ ಕೆದಕಿ, ಎಲೆ ತಿರುಗಿಸಿ ನೋಡಿ, ಸೊರಗುರೋಗಕ್ಕೆ ಅವರವರ ಊರಿನಲ್ಲಿ ಏನು ಹೊಡೆಯುತ್ತಾರೆ ಎಂದು ಕೈಸನ್ನೆಯಲ್ಲಿ ವಿನಿಮಯ ಮಾಡಿಕೊಂಡರು. ನನಗೆ ಆ ಮನೆಯ ಹೆಂಗಸು ಎಳನೀರು ಕೊಟ್ಟಳು. ದುಡ್ಡು ಮುಟ್ಟಲಿಲ್ಲ.

ರಾಧಾನಗರದ ಕಡಲತೀರಕ್ಕೆ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಅಂಡಮಾನಿನಲ್ಲಿ ನೆನಪಿಡಬೇಕಾದ್ದು ಇದು: ಗಡಿಯಾರ ನಮ್ಮದೇ, ಸೂರ್ಯ ಬೇರೆ. ಅಷ್ಟು ಪೂರ್ವದಲ್ಲಿರುವುದರಿಂದ ಮಾರ್ಚಿನಲ್ಲಿ ಸಂಜೆ ಐದೂವರೆಗೇ ಮುಳುಗಿಬಿಡುತ್ತಾನೆ, ಸಕಲೇಶಪುರಕ್ಕಿಂತ ಒಂದು ಗಂಟೆ ಮೊದಲು. ಮಧ್ಯಾಹ್ನದ ನಿದ್ದೆ ಮುಗಿಸಿ ಹೋಗೋಣ ಎಂದುಕೊಂಡವರಿಗೆ ಇಲ್ಲಿ ಕತ್ತಲೆಯೇ ಸಿಗುತ್ತದೆ.

ಟೈಮ್ ಪತ್ರಿಕೆ 2004ರಲ್ಲಿ ಇದನ್ನು ಏಷ್ಯಾದ ಅತ್ಯುತ್ತಮ ತೀರ ಎಂದು ಕರೆದ ಮೇಲೆ ಬರುವವರಿಗೆ ಲೆಕ್ಕವಿಲ್ಲ. 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆಯೂ ಸಿಕ್ಕಿತು. ಜನ, ಸೀಟಿ, ಧ್ವನಿವರ್ಧಕ ಎಲ್ಲ ಇದೆ. ಮೊಸಳೆಯ ಎಚ್ಚರಿಕೆಯ ಫಲಕವೂ ಇದೆ. ಇಲ್ಲಿಯದು ಉಪ್ಪುನೀರಿನ ಮೊಸಳೆ, ಸಮುದ್ರದಲ್ಲೂ ಈಜುವಂಥದ್ದು. ಆದರೂ ಬಲಕ್ಕೆ ತಿರುಗಿ ಸ್ವಲ್ಪ ನಡೆದರೆ ಗದ್ದಲ ಹಿಂದೆ ಉಳಿಯುತ್ತದೆ. ಮರಳು ಹಿಟ್ಟಿಗಿಂತ ನುಣುಪು. ಕಾಡು ನೇರವಾಗಿ ಮರಳಿನ ಅಂಚಿಗೇ ಬಂದು ನಿಂತಿದೆ. ನಡುವೆ ತೆಂಗಿನ ಸಾಲಾಗಲಿ ಗೋಡೆಯಾಗಲಿ ಇಲ್ಲ. ನಾನು ಸೀರೆ ಬಿಟ್ಟು ಚೂಡಿದಾರದಲ್ಲಿ ಬಂದಿದ್ದೆ, ಸೊಂಟದವರೆಗೆ ನೀರಿಗಿಳಿದೆ. ಇವರು ಬಿದ್ದಿದ್ದ ಒಂದು ದಿಮ್ಮಿಯ ಮೇಲೆ ಕುಳಿತು ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದರು. ಫೋಟೊಕ್ಕಲ್ಲ, ನೆಟ್‌ವರ್ಕಿಗೆ.

ಚೆನ್ನೈನಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರ ಆಗಸ್ಟಿನಲ್ಲಿ ಈ ದ್ವೀಪಗಳಿಗೆ ಸಂಪರ್ಕ ಕೊಟ್ಟಿದ್ದಾರೆ. ಅಷ್ಟೆಲ್ಲ ಮಾಡಿದವರು ಇವರು ಕುಳಿತಿದ್ದ ದಿಮ್ಮಿಯವರೆಗೆ ತಲುಪಿಸಿರಲಿಲ್ಲ. ಅಂದು ಸಂಜೆ ನಮ್ಮ ಮನೆಯವರು ಬೇರೆ ದಾರಿಯಿಲ್ಲದೆ ಸೂರ್ಯಾಸ್ತ ನೋಡಿದರು.

ಗುರುವಾರ

ಎಲಿಫೆಂಟ್ ಬೀಚ್. ಹೆಸರು ಕೇಳಿದಾಗಿನಿಂದ ಇವರು ಬಿಗಿಯಾಗಿದ್ದರು. ನಮ್ಮ ಆಲೂರು, ಸಕಲೇಶಪುರದ ಕಡೆ ಬೆಳಿಗ್ಗೆ ಎದ್ದು ಮೊದಲು ನೋಡುವುದು ಆನೆ ಎಲ್ಲಿದೆ ಎಂಬ ವಾಟ್ಸ್‌ಆಪ್ ಸಂದೇಶ. ಆಳುಗಳನ್ನು ತೋಟದ ಯಾವ ತುಂಡಿಗೆ ಕಳಿಸಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. "ದುಡ್ಡು ಕೊಟ್ಟು ಆನೆಯ ಜಾಗಕ್ಕೆ ಹೋಗುವವರು ನಾವೇ ಇರಬೇಕು ಮಾರಾಯ್ತಿ," ಎಂದರು.

ಆನೆ ಇರಲಿಲ್ಲ. ದೋಣಿಯ ಹುಡುಗನನ್ನು ಕೇಳಿದ್ದಕ್ಕೆ ಅವನು ನಕ್ಕು, ಅದೆಲ್ಲ ಮರ ಕಡಿಯುವ ಕಾಲದ ಮಾತು ಎಂದ. ಅಂಡಮಾನಿನ ಕಾಡಿನಲ್ಲಿ ಮೂಲತಃ ಆನೆಯೇ ಇಲ್ಲ. ದಿಮ್ಮಿ ಎಳೆಯಲೆಂದು ಹಡಗಿನಲ್ಲಿ ತಂದವು ಅವು. ಒಂದು ದ್ವೀಪದಲ್ಲಿ ಮರ ಮುಗಿದರೆ ಮುಂದಿನ ದ್ವೀಪಕ್ಕೆ ಈಜಿಸಿಕೊಂಡು ಹೋಗುತ್ತಿದ್ದರು. ಇಂಟರ್‌ವ್ಯೂ ದ್ವೀಪದಲ್ಲಿ 1962ರಲ್ಲಿ ಮರದ ಕಂಪನಿಯೊಂದು ಮುಚ್ಚಿದಾಗ ಆನೆಗಳನ್ನು ಅಲ್ಲೇ ಬಿಟ್ಟು ಹೋದರು. ಅವು ಮತ್ತೆ ಕಾಡಾನೆಗಳಾದವು. ಹ್ಯಾವ್‌ಲಾಕಿನಲ್ಲಿ ಕೊನೆಗೆ ಉಳಿದಿದ್ದದ್ದು ರಾಜನ್. ಸಮುದ್ರದಲ್ಲಿ ಈಜುವ ಆನೆ ಎಂದು ಜಗತ್ತಿಗೇ ಚಿತ್ರಗಳಲ್ಲಿ ಪರಿಚಿತನಾಗಿದ್ದವನು. ಅವನು ಸತ್ತದ್ದು 2016ರಲ್ಲಿ.

ಇದನ್ನು ಕೇಳುತ್ತ ನನಗೆ ಅರ್ಜುನ ನೆನಪಾದ. ಮೈಸೂರು ದಸರಾದಲ್ಲಿ ಎಂಟು ವರ್ಷ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರಿನಲ್ಲಿ ನಮ್ಮ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆತಂದಾಗ ಕಾಡಾನೆಯ ತಿವಿತಕ್ಕೆ ಬಿದ್ದು ಸತ್ತ. ಅಂದು ತೋಟಗಳ ಕೆಲಸ ನಿಂತಿತ್ತು. ಆನೆಯಿಂದ ಬೆಳೆ ಕಳೆದುಕೊಂಡವರೇ ಹೂವು ತೆಗೆದುಕೊಂಡು ಹೋಗಿದ್ದರು. ಇವರಿಗೂ ಅದೇ ನೆನಪಾಗಿತ್ತೆಂದು ಕಾಣುತ್ತದೆ. ದೋಣಿಯ ಹುಡುಗನನ್ನು ಕರೆದು, "ನಮ್ಮ ಊರಿಗೆ ಬಾ, ಆನೆ ತೋರಿಸುತ್ತೇನೆ. ಆದರೆ ಓಡಲು ಬರಬೇಕು," ಎಂದರು.

ಇನ್ನು ನೀರು. ನನ್ನ ತವರು ಹೇಮಾವತಿಯ ದಂಡೆ. ಈಜು ಕಲಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮದುವೆಯಾದ ಮೇಲೆ ಈಜಿದ್ದು ಕಡಿಮೆ. ನಮ್ಮ ಕಡೆ ಹೆಂಗಸರು ನೀರಿಗಿಳಿಯುವುದಕ್ಕೆ ಕಾರಣ ಬೇಕು. ಇಲ್ಲಿ ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ ಕೊಟ್ಟು, ರಬ್ಬರ್ ಟ್ಯೂಬ್ ಹಿಡಿದುಕೊಳ್ಳಿ ಎಂದರು. ನಾನು ಬೇಡ ಎಂದೆ. ಹುಡುಗ ನನ್ನ ವಯಸ್ಸು ನೋಡಿ ಅನುಮಾನಪಟ್ಟ. ಇವರೇ, "ಬಿಡಪ್ಪ, ಅವಳು ಹೊಳೆಯಲ್ಲಿ ಬೆಳೆದವಳು," ಎಂದರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಉಪ್ಪುನೀರು ಹೊಳೆಯ ನೀರಿನ ಹಾಗಲ್ಲ, ತಾನೇ ಎತ್ತಿ ಹಿಡಿಯುತ್ತದೆ. ಕೈಕಾಲು ಆಡಿಸದೆ ಬೋರಲು ಮಲಗಿದರೆ ಸಾಕು. ಕೆಳಗೆ ಹವಳದ ದಿಬ್ಬಗಳು, ಕೆಲವು ಕಂದು, ಕೆಲವು ನೇರಳೆ, ಬಹಳಷ್ಟು ಬೂದಿ ಬಣ್ಣದವು. ಬೂದಿ ಬಣ್ಣದವು ಸತ್ತವು. ಸಮುದ್ರದ ನೀರು ಮಾಮೂಲಿಗಿಂತ ಬಿಸಿಯಾದಾಗ ಹವಳ ತನ್ನೊಳಗೆ ಬದುಕುವ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. 2010ರಲ್ಲಿ ಅಂಡಮಾನಿನ ಹವಳಕ್ಕೆ ಹಾಗೆ ದೊಡ್ಡ ಪೆಟ್ಟು ಬಿದ್ದಿತ್ತು. ಆದರೂ ಮೀನು ಎಷ್ಟು! ಗಿಳಿಮೀನು ಹವಳವನ್ನು ಕಚ್ಚುವ ಕಟಕಟ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಅದು ಅಗಿದು ಹೊರಹಾಕಿದ ಪುಡಿಯೇ ತೀರದ ಬಿಳಿ ಮರಳಿನಲ್ಲಿ ಒಂದು ಪಾಲು ಎಂದು ಹುಡುಗ ಆಮೇಲೆ ಹೇಳಿದ. ನಿನ್ನೆ ನಾನು ಮೆಚ್ಚಿ ಹೊಗಳಿದ ಮರಳು! ಕಿತ್ತಳೆ ಬಣ್ಣದ ಪುಟ್ಟ ಮೀನೊಂದು ಸಮುದ್ರ ಹೂವಿನ ತೋಳುಗಳ ಒಳಗಿಂದ ಬಂದು ನನ್ನ ಮುಖವಾಡದ ಗಾಜಿಗೆ ಗುದ್ದಿತು, ಅದರ ಜಗಲಿಗೆ ನಾನು ಬಂದಿದ್ದೆನಲ್ಲ. ಹುಡುಗ ಕರೆಯಲು ಬಂದ, ಇನ್ನೂ ಸ್ವಲ್ಪ ಎಂದೆ. ಮತ್ತೆ ಬಂದ, ಮತ್ತೆ ಹಾಗೆಯೇ ಎಂದೆ. ದಡಕ್ಕೆ ಬಂದಾಗ ಬೆರಳ ತುದಿ ಸುಕ್ಕುಗಟ್ಟಿ ಬೆನ್ನು ಉರಿಯುತ್ತಿತ್ತು. ಇವರು ಟವೆಲ್ ಹಿಡಿದು ನಿಂತಿದ್ದರು. ಅವರಿಗೆ ಈಜು ಬರುವುದಿಲ್ಲ. ಹೊತ್ತೆಲ್ಲ ನನ್ನ ಕೊಳವೆಯ ತುದಿಯನ್ನೇ ನೋಡುತ್ತಿದ್ದರಂತೆ.

ರಾತ್ರಿ ಗೋವಿಂದನಗರದ ಅಂಗಡಿ ಸಾಲಿನಲ್ಲಿ ಸಾಸಿವೆ ಅರೆದು ಮಾಡಿದ ಮೀನು ಸಾರು, ಅನ್ನ. ಅಂಜಲ್ ಮೀನು ನಮಗೆ ಹೊಸತಲ್ಲ, ಸಕಲೇಶಪುರದ ಸಂತೆಗೂ ಮಂಗಳೂರಿಂದ ಬರುತ್ತದೆ. ಈ ಸಾಸಿವೆಯ ಘಾಟು ಹೊಸತು. ಇವರು ಎರಡನೇ ಸಲ ಅನ್ನ ಹಾಕಿಸಿಕೊಂಡು, ಕಡುಬು ಇದ್ದಿದ್ದರೆ ಎಂದರು.

ಶುಕ್ರವಾರ

ನೀಲ್ ದ್ವೀಪದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನ್ಯಾಚುರಲ್ ಬ್ರಿಡ್ಜ್ ಎಂಬ ಬಂಡೆಯ ಕಮಾನನ್ನು ನೋಡಬೇಕಾದರೆ ಇಳಿತದ ಸಮಯಕ್ಕೇ ಹೋಗಬೇಕು. ನಾವು ಹೋದದ್ದು ಸರಿಯಾದ ಸಮಯಕ್ಕೇ, ಎಲ್ಲರೂ ಹೋಗಿದ್ದರು. ಚೂಪು ಕಲ್ಲಿನ ಮೇಲೆ ಜಾರುತ್ತ ನಡೆದು, ಸರದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಅದೇ ಕಲ್ಲಿನ ಮೇಲೆ ಜಾರುತ್ತ ವಾಪಸು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಬೆಳೆದವರು ತೂತು ಬಿದ್ದ ಬಂಡೆಗೆ ಬೆರಗಾಗುವುದು ಕಷ್ಟ. ಅದಕ್ಕಿಂತ ದ್ವೀಪದ ಒಳಗಿನ ತರಕಾರಿ ಹೊಲಗಳು ಚೆನ್ನಾಗಿದ್ದವು. ಪೋರ್ಟ್ ಬ್ಲೇರಿಗೆ ಬದನೆ, ಹಾಗಲ, ಟೊಮೆಟೊ ಇಲ್ಲಿಂದಲೇ ಹಡಗು ಹತ್ತುತ್ತವೆ.

ರಾತ್ರಿ ಪೋರ್ಟ್ ಬ್ಲೇರಿನ ಹೋಟೆಲಿನಲ್ಲಿ ಗಾಡಿಯ ವ್ಯವಸ್ಥೆ ಮಾಡುವಾತ ಬಂದು ನಾಳೆ ಬಾರಾಟಾಂಗ್ ದ್ವೀಪಕ್ಕೆ ಹೋಗಿ ಎಂದು ಒತ್ತಾಯಿಸಿದ. ಸುಣ್ಣಕಲ್ಲಿನ ಗುಹೆ ಇದೆ, ಕೆಸರು ಉಕ್ಕುವ ಜ್ವಾಲಾಮುಖಿ ಇದೆ. ದಾರಿ ಇಲ್ಲಿಯ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡಿನ ನಡುವೆ. ವಾಹನಗಳನ್ನು ಸಾಲುಗೂಡಿಸಿ ನಿಗದಿತ ಹೊತ್ತಿಗೆ ಬೆಂಗಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅಲ್ಲಿಯವರೆಗೆ ನಾನು ಹೂಂ ಎನ್ನುತ್ತಲೇ ಇದ್ದೆ. ಆಮೇಲೆ ಅವನು ದನಿ ತಗ್ಗಿಸಿ, "ಅದೃಷ್ಟ ಇದ್ದರೆ ಅವರು ಕಾಣಿಸುತ್ತಾರೆ," ಎಂದ. ನಾಗರಹೊಳೆಯ ಸಫಾರಿ ಜೀಪಿನಲ್ಲಿ ಹುಲಿಯ ಬಗ್ಗೆ ಆಡುವ ಮಾತು ಅದು. ಮುಖ ಮುಖ ನೋಡಿಕೊಂಡೆವು. ಬೇಡ ಎಂದು ಮೊದಲು ಹೇಳಿದವರು ಇವರು.

ರೈಟರ ಫೋನ್: ಪಶ್ಚಿಮದಲ್ಲಿ ಕಪ್ಪು ಕಟ್ಟಿದೆ, ಗುಡುಗು ಕೇಳಿಸಿತು. ಇವರಿಗೆ ನಿದ್ದೆ ಬರಲಿಲ್ಲ.

ಶನಿವಾರ

ಬಾರಾಟಾಂಗ್ ಬಿಟ್ಟದ್ದರಿಂದ ಸಿಕ್ಕ ದಿನ. ಮಾಡಲು ಏನೂ ತೋಚದೆ ಛಾತಮ್ ಸಾಮಿಲ್ಲಿಗೆ ಹೋದೆವು. ಪ್ರವಾಸದ ಪಟ್ಟಿಯಲ್ಲಿ ಇದು ಎಲ್ಲೋ ಕೊನೆಯಲ್ಲಿರುತ್ತದೆ, ಎಷ್ಟೋ ಜನ ಬಿಟ್ಟೇ ಹೋಗುತ್ತಾರೆ.

1883ರಲ್ಲಿ ಶುರುವಾದ ಸರ್ಕಾರಿ ಸಾಮಿಲ್ಲು. ಪುಟ್ಟದೊಂದು ದ್ವೀಪವೇ ಗಿರಣಿ. ಸೇತುವೆ ದಾಟಿ ಹೋಗಬೇಕು. ಒಳಗೆ ಕಾಲಿಟ್ಟ ಕೂಡಲೇ ಹಸಿಮರದ ವಾಸನೆ. ಇವರ ನಡಿಗೆಯೇ ಬದಲಾಯಿತು. ದಿಮ್ಮಿ ನೀರಿನಿಂದ ಮೇಲೆ ಬರುವುದು, ದೊಡ್ಡ ಗರಗಸಕ್ಕೆ ಹೋಗುವುದು, ಹಲಗೆಯಾಗಿ ಹೊರಬರುವುದು, ಇಷ್ಟನ್ನೂ ಬೇಲಿಯಾಚೆ ನಿಂತು ನೋಡಬಹುದು. ಇಲ್ಲಿಯ ಹೆಸರುವಾಸಿ ಮರ ಪಡಾಕ್. ಕೆಂಪು ತಿರುಳು, ಕುರ್ಚಿ-ಮೇಜಿಗೆ ಹೇಳಿ ಮಾಡಿಸಿದ್ದು. ಇವರು ಒಂದು ತುಂಡಿನ ಎಳೆಯ ಮೇಲೆ ಉಗುರಾಡಿಸಿ, "ಇದು ನಮ್ಮ ಹೊನ್ನೆಯ ದಾಯಾದಿ," ಎಂದರು. ಹೊಗಳಿಕೆಯಲ್ಲ, ನಿಜ, ಎರಡೂ ಒಂದೇ ಕುಲದ ಮರಗಳು. ಸಂಗ್ರಹಾಲಯದ ಫಲಕದಲ್ಲಿ ವೈಜ್ಞಾನಿಕ ಹೆಸರು ನೋಡಿ ನಾನೇ ಖಚಿತ ಮಾಡಿಕೊಂಡೆ.

1942ರಲ್ಲಿ ಜಪಾನಿನ ಬಾಂಬು ಬಿದ್ದ ಹೊಂಡ ಅಂಗಳದಲ್ಲೇ ಇದೆ. ಈಗ ಅದರಲ್ಲಿ ನೀರು ನಿಂತಿದೆ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಇವರು ಬೆನ್ನು ಹಾಕಿ ಗರಗಸದ ಕಡೆಗೇ ನೋಡುತ್ತಿದ್ದರು.

ಸಂಗ್ರಹಾಲಯದಲ್ಲಿ ಆನೆ ದಿಮ್ಮಿ ಎಳೆಯುವ ಹಳೆಯ ಚಿತ್ರಗಳಿದ್ದವು. ಗುರುವಾರ ಕೇಳಿದ ಕಥೆಯ ಇನ್ನೊಂದು ತುದಿ ಇಲ್ಲಿ ಸಿಕ್ಕಿತು. ಆನೆ ಎಳೆದದ್ದು ಬಂದು ಸೇರುತ್ತಿದ್ದದ್ದು ಈ ಗಿರಣಿಗೆ. ಎಳೆಸಿದವರು, ಕಡಿದವರು ಯಾರು? ಮೊದಲು ಕೈದಿಗಳು. 1918ರ ನಂತರ ರಾಂಚಿ ಕಡೆಯ ಆದಿವಾಸಿ ಕೂಲಿಗಳು. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಉಳಿದು, ಈಗಲೂ ರಾಂಚಿಯವರು ಎಂದೇ ಕರೆಸಿಕೊಳ್ಳುತ್ತಾರೆ. ನಮ್ಮ ತೋಟದ ಆಳುಗಳ ಲೈನು ಮನೆಗಳಲ್ಲಿ ಈಗ ಇರುವವರೂ ಅಸ್ಸಾಂ, ಜಾರ್ಖಂಡಿನವರೇ. ಊರಿನ ಆಳುಗಳು ಬೆಂಗಳೂರಿಗೆ ಹೋದ ಮೇಲೆ ಕಾಫಿ ಕೊಯ್ಯುವವರು ಅವರು. ಇವರು ಆ ಚಿತ್ರಗಳ ಮುಂದೆ ತುಂಬ ಹೊತ್ತು ನಿಂತರು. ಕೊನೆಗೆ, "ಇವರಿಗೆ ಊರಿಗೆ ಹೋಗಿಬರಲು ರಜೆ ಕೊಡುತ್ತಿದ್ದರೋ ಇಲ್ಲವೋ," ಎಂದರು. ನಮ್ಮಲ್ಲಿ ಎರಡು ಸಂಸಾರ ಹಬ್ಬಕ್ಕೆ ಊರಿಗೆ ಹೋಗಬೇಕೆಂದು ಜನವರಿಯಿಂದ ಕೇಳುತ್ತಿದ್ದವು. ನಾನು ಅದನ್ನು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಮಧ್ಯಾಹ್ನ ರಾಸ್ ದ್ವೀಪ, ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. 1858ರಿಂದ ಬ್ರಿಟಿಷರ ಆಡಳಿತ ಇಲ್ಲಿಂದಲೇ ನಡೆಯುತ್ತಿತ್ತು. ಚರ್ಚು, ಬೇಕರಿ, ಮುದ್ರಣಾಲಯ, ಟೆನಿಸ್ ಅಂಕಣ, ಎಲ್ಲವೂ ಎದುರಿನ ದಡದ ಕೈದಿಗಳ ದುಡಿಮೆಯ ಮೇಲೆ. 1941ರ ಭೂಕಂಪದ ನಂತರ ಬಿಟ್ಟು ಹೋದರು. ಈಗ ಗೋಡೆ ಯಾವುದು ಬೇರು ಯಾವುದು ತಿಳಿಯದಂತೆ ಗೋಣಿ ಜಾತಿಯ ಮರಗಳು ಅಪ್ಪಿಕೊಂಡಿವೆ. ಛಾವಣಿ ಬಿದ್ದು ಹೋಗಿದೆ, ಗೋಡೆಯನ್ನು ಬೇರೇ ನಿಲ್ಲಿಸಿದೆ. ಜಿಂಕೆಗಳು ಕೈ ಮೂಸಲು ಬರುತ್ತವೆ. ಅವೂ ಬ್ರಿಟಿಷರು ತಂದು ಬಿಟ್ಟವೇ. ಬೇಟೆಗೆ ತಂದವು ಹೆಚ್ಚಿ, ದ್ವೀಪಗಳ ಕಾಡಿನ ಸಸಿಗಳನ್ನು ಮೇಯುವ ಪೀಡೆಯಾಗಿವೆ. ಈ ದ್ವೀಪಗಳಲ್ಲಿ ನಾವು ನೋಡಿದ, ಕಥೆ ಕೇಳಿದ ಆನೆ, ಜಿಂಕೆ, ಅಡಿಕೆ, ಮನುಷ್ಯ, ಹೆಚ್ಚಿನವರನ್ನೆಲ್ಲ ಯಾರೋ ಏನಕ್ಕೋ ತಂದದ್ದು.

ಭಾನುವಾರ

ವಿಮಾನ ನಿಲ್ದಾಣದಲ್ಲಿ ಮುಂದಿದ್ದ ಸಂಸಾರದ ಚೀಲದಿಂದ ಹವಳದ ತುಂಡುಗಳನ್ನು ತೆಗೆಸಿದರು. ಮಗು ಅತ್ತಿತು. ಸತ್ತ ಹವಳವನ್ನೂ ಒಯ್ಯುವಂತಿಲ್ಲ, ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಚೀಲದಲ್ಲಿದ್ದದ್ದು ಪಡಾಕ್ ಮರದ ಒಂದು ಸಣ್ಣ ಬಟ್ಟಲು, ರಸೀದಿ ಸಮೇತ.

ಬೆಂಗಳೂರಿನಲ್ಲಿ ಇಳಿದು ಮೊಬೈಲ್ ಹಾಕಿದ ಕೂಡಲೇ ರೈಟರು. ರಾತ್ರಿ ಮಳೆ ಬಿದ್ದಿದೆ ಸಾರ್. ಎಷ್ಟು? ನಲವತ್ತು ಸೆಂಟು.

ಅರೆಬರೆ ಮಳೆ. ಬ್ಯಾಗುಗಳು ಸುತ್ತಿ ಬರುವ ಪಟ್ಟಿಯ ಪಕ್ಕದಲ್ಲಿ ನಿಂತೇ ಇವರು ಆದೇಶ ಕೊಡಲು ಶುರು ಮಾಡಿದರು: ಕೆರೆಯ ಪಂಪು ನೋಡು, ಡೀಸೆಲ್ ತರಿಸು, ಸ್ಪ್ರಿಂಕ್ಲರ್ ಪೈಪುಗಳನ್ನು ಮೊದಲು ಕೆಳಗಿನ ರೋಬಸ್ಟಾ ತುಂಡಿಗೆ ಜೋಡಿಸು. ಮಳೆ ಕೊಟ್ಟ ನಲವತ್ತಕ್ಕೆ ನಾವು ಅರವತ್ತು ಸೇರಿಸಿ ಇಂಚು ತುಂಬಿಸಬೇಕು, ಅದೂ ಬೇಗ. ನಮ್ಮ ಚೀಲ ನನ್ನ ಮುಂದೆ ಎರಡು ಸುತ್ತು ಹೋಯಿತು, ನಾನೇ ಎತ್ತಿಕೊಂಡೆ. ಸಂಜೆಗೆ ತೋಟ ತಲುಪಿದಾಗ ಅವರು ಮನೆಯೊಳಗೆ ಬರಲಿಲ್ಲ. ಕಾರಿನಿಂದ ಇಳಿದವರು ನೇರ ಪಂಪ್‌ಹೌಸಿಗೆ ನಡೆದರು.

ಆ ವಾರವೆಲ್ಲ ಅಂಡಮಾನಿನ ಕಥೆ ಕೇಳಲು ನೆಂಟರು, ಪಕ್ಕದ ತೋಟದವರು ಬಂದರು. ಇವರು ಬಟ್ಟಲನ್ನು ಕೈಗೆ ಕೊಟ್ಟು, 1883ರ ಗಿರಣಿ, ಗರಗಸದ ಹಲ್ಲು, ದಿಮ್ಮಿ ಎಳೆಯುವ ಹಗ್ಗ, ಹೊನ್ನೆಯ ದಾಯಾದಿ ಎಂದು ಗಂಟೆಗಟ್ಟಲೆ ಹೇಳಿದರು. ಯಾರಾದರೂ, ಅಲ್ಲ, ಸಮುದ್ರ ಹೇಗಿತ್ತು ಎಂದು ಕೇಳಿದರೆ, "ಅದನ್ನು ಇವಳನ್ನು ಕೇಳಿ, ನಾನು ದಡದಲ್ಲಿದ್ದೆ," ಎನ್ನುತ್ತಾರೆ. ಜಾರ್ಖಂಡಿನ ಆ ಎರಡು ಸಂಸಾರಗಳಿಗೆ ಹೂವು ಮುಗಿದ ಮೇಲೆ ಊರಿಗೆ ಹೋಗಿಬರಲು ರೈಲು ಟಿಕೆಟ್ ತೆಗೆಸಿದ್ದಾಗಿದೆ, ಹೋಗುವುದಕ್ಕೂ ಬರುವುದಕ್ಕೂ.